ತಿಕ್ತರಸ ವಿಚಾರ

ಷಡ್ರಸಗಳಲ್ಲಿ ಕಹಿಗೆ ಬಂದಷ್ಟು ಅಪಕೀರ್ತಿ ಮತ್ತಾವ ರಸಕ್ಕೂ ಬಂದಿಲ್ಲ. ಸಿಹಿಗೆ ಎಳೆಯರು ಮುದುಕರೆನ್ನದೆ ಎಲ್ಲರೂ ಕೈನೀಡುವರು. ಹುಳಿ, ಉಪ್ಪು, ಖಾರಗಳಿಲ್ಲದೆ ಅಡಿಗೆಯೇ ಇಲ್ಲ. ಒಗರಿಗೂ ಎಲೆಯಡಿಕೆಯ ತಟ್ಟೆಯಲ್ಲಿ ಮರ್ಯಾದೆಯ ಸ್ಥಾನವೊಂದುಂಟು. ಕಹಿಯಾದರೋ ಮಾತಿನಲ್ಲಿಯೂ ದುಃಖಕ್ಕೆ ಪರ್ಯಾಯವಾಗಿ ಹೋಗಿದೆ. ಹುಟ್ಟಿ ಕೆಲವೇ ಗಂಟೆಗಳಾದ ಶಿಶುವಿನ ನಾಲಗೆಗೆ ಕ್ವಿನೈನು ಬೆರೆತ ನೀರನ್ನು ಸೋಂಕಿಸಿದರೆ ಅದು ಮುಖ ಸಿಂಡರಿಸಿ, ಬಾಯಿ ತೆರೆದು, ಆ ನೀರನ್ನು ಹೊರದೂಡುವುದೆಂದು ವೈದ್ಯರು ಪರೀಕ್ಷಿಸಿ ಕಂಡಿರುವರು. ತಾಯಿಯ ಹಾಲಿನ ರುಚಿಯನ್ನೇ ಇನ್ನೂ ಸರಿಯಾಗಿ ಅರಿಯದ ಕೂಸಿಗೆ ಈ ಪಾಠವನ್ನು ಹೇಳಿಕೊಟ್ಟವರಾರು? ಇದಕ್ಕೆ ಉತ್ತರವನ್ನು ಹುಡುಕಿದವರ ಕಥೆ ಸುಮಾರು ಎರಡು ಸಾವಿರ ವರ್ಷಗಳಷ್ಟು ಉದ್ದವಾದುದು. ಅದರಲ್ಲಿ ನಮ್ಮ ನಾಡಿನ ಪಾಲೂ ಇಲ್ಲದಿಲ್ಲ.

ಬಿಡದಿಗೆ ಸಮೀಪವಾಗಿ ವೃಷಭಾವತಿಯ ಕಣಿವೆಯಲ್ಲಿರುವ ಬೈರಮಂಗಲವೂ, ಅದರ ಸುತ್ತಣ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಸೀಮೆಯೂ ರಾಗಿ, ಅವರೆ, ಹಿಪ್ಪುನೇರಳೆಗಳ ನಾಡು. ಇಲ್ಲಿಯ ಮನೆಗಳಲ್ಲಿ ಕಹಿಯ ವಿಷಯವಾಗಿ ನಾಲ್ಕು ಆಚಾರಗಳು ಬಹು ಕಾಲದಿಂದ ನಡೆದು ಬಂದಿವೆ. ಯುಗಾದಿಯ ಬೆಳಗ್ಗೆ ಬೇವನ್ನು ಬೆಲ್ಲದೊಡನೆ ತಿನ್ನುವುದು ಮೊದಲನೆಯದು. ಹಾಗಲಕಾಯಿಯ ಹೋಳಿಗೆ ಉಪ್ಪು ಹಚ್ಚಿ, ಹಿಂಡಿ, ಹುಣಿಸೆಹಣ್ಣು ಬೆಲ್ಲಗಳನ್ನು ಕೂಡಿಸಿ ಗೊಜ್ಜು ಮಾಡುವುದು ಎರಡನೆಯದು. ಎದೆಹಾಲನ್ನು ಬಿಡಲೊಲ್ಲದ ಮಗುವಿಗೆ ಬೇವಿನ ರಸವನ್ನು ಹಚ್ಚಿ ಹಾಲು ಬಿಡಿಸುವುದು ಮೂರನೆಯದು. ಸೌತೆಕಾಯಿಯ ತುದಿಯನ್ನು ಕೊಯ್ದು, ಕೊಯ್ದ ತುಂಡಿನಿಂದಲೇ ಉಜ್ಜಿ ನೊರೆ ತೆಗೆದು, ಚೂರೊಂದನ್ನು ಬಾಯಿಗೆ ಹಾಕಿಕೊಂಡು ನೋಡಿ, ಕಹಿಯಾಗಿದ್ದರೆ ಕಾಯನ್ನೇ ಎಸೆದುಬಿಡುವುದು ನಾಲ್ಕನೆಯದು. ಒಂದು ಕಹಿಯನ್ನು ಸ್ವೀಕರಿಸುವುದು, ಒಂದನ್ನು ಪಳಗಿಸುವುದು, ಒಂದನ್ನು ಬೆದರಿಕೆಯಾಗಿ ಬಳಸುವುದು, ಒಂದನ್ನು ತಿರಸ್ಕರಿಸುವುದು: ಈ ವಿವೇಕ ಅಕ್ಷರವರಿಯದ ಅಜ್ಜಿಯರಲ್ಲಿಯೂ ಇದ್ದಿತು. ಯಾವ ಕಹಿಗೆ ಮಣಿಯಬೇಕು, ಯಾವುದನ್ನು ನುಂಗಬೇಕು ಎಂಬುದೇ ಈ ಚರಿತ್ರೆಯ ಸಾರ.

ಶಾಸ್ತ್ರದಲ್ಲಿ ಈ ವಿಚಾರವು ಮೊದಲು ವಿಸ್ತಾರವಾಗಿ ಬರುವುದು ಚರಕಸಂಹಿತೆಯಲ್ಲಿ. ಸೂತ್ರಸ್ಥಾನದ ೨೬ನೆಯ ಅಧ್ಯಾಯದಲ್ಲಿ ಚೈತ್ರರಥವೆಂಬ ವನದಲ್ಲಿ ಋಷಿಗಳೂ ವೈದ್ಯರೂ ಸೇರಿ ರಸಗಳು ಎಷ್ಟು ಎಂದು ವಾದ ಮಾಡುವರು. ಭದ್ರಕಾಪ್ಯನು ರಸವು ಒಂದೇ ಎನ್ನುವನು. ಶಾಕುಂತೇಯನು ಎರಡು, ಪೂರ್ಣಾಕ್ಷ ಮೌದ್ಗಲ್ಯನು ಮೂರು, ಹಿರಣ್ಯಾಕ್ಷ ಕೌಶಿಕನು ನಾಲ್ಕು, ಕುಮಾರಶಿರ ಭರದ್ವಾಜನು ಐದು ಎನ್ನುವರು. ವಾರ್ಯೋವಿದರಾಜನದು ಆರು, ವಿದೇಹದ ನಿಮಿಯು ಕ್ಷಾರವನ್ನು ಸೇರಿಸಿ ಏಳು ಮಾಡುವನು, ಬಡಿಶನು ಅವ್ಯಕ್ತರಸವನ್ನೂ ಸೇರಿಸಿ ಎಂಟಕ್ಕೆ ಏರಿಸುವನು, ಬಾಹ್ಲೀಕ ದೇಶದ ಕಾಂಕಾಯನನು ರಸಗಳು ಅಸಂಖ್ಯವೆಂದುಬಿಡುವನು. ಕೊನೆಗೆ ಪುನರ್ವಸು ಆತ್ರೇಯನು ಎಲ್ಲರ ಮಾತನ್ನೂ ಕೇಳಿ, ಆರು ಎಂದು ನಿರ್ಣಯಿಸುವನು. ಇಂದಿನ ಶಾಸ್ತ್ರಜ್ಞರ ಸಭೆಗಳಲ್ಲಿ ನಡೆಯುವ ಚರ್ಚೆಗೂ ಇದಕ್ಕೂ ರೀತಿಯಲ್ಲಿ ಹೆಚ್ಚು ಭೇದವಿಲ್ಲ.

ಅದೇ ಅಧ್ಯಾಯದಲ್ಲಿ ತಿಕ್ತರಸದ ಗುಣದೋಷಗಳನ್ನು ಹೇಳುವಾಗ ಸೂಕ್ಷ್ಮವಾದ ಮಾತೊಂದು ಬರುತ್ತದೆ. ತಿಕ್ತವು ತಾನು ರುಚಿಸದಿದ್ದರೂ ಅರುಚಿಯನ್ನು ಹೋಗಲಾಡಿಸುವುದು. ವಿಷವನ್ನೂ ಕ್ರಿಮಿಗಳನ್ನೂ ನಾಶಮಾಡುವುದು. ಆದರೆ ಮಿತಿಮೀರಿ ಸೇವಿಸಿದರೆ ಧಾತುಗಳನ್ನು ಒಣಗಿಸಿ ದೇಹವನ್ನು ಸೊರಗಿಸುವುದು ಎಂಬುದು ಅದರ ತಾತ್ಪರ್ಯ. ಒಂದೇ ರಸಕ್ಕೆ ಔಷಧದ ಗುಣವೂ ಹಾನಿಯ ಗುಣವೂ ಉಂಟೆಂಬುದನ್ನು ಪೂರ್ವಿಕರು ಚೆನ್ನಾಗಿ ಅರಿತಿದ್ದರು.

ಇಲ್ಲಿ ಹೆಸರಿನ ವಿಷಯವಾಗಿ ಎಚ್ಚರಿಕೆಯ ಮಾತೊಂದನ್ನು ಹೇಳುವುದು ಅವಶ್ಯಕ. ಸಂಸ್ಕೃತದಲ್ಲಿ ಕಟುವೆಂದರೆ ಮೆಣಸಿನ ಖಾರ; ತಿಕ್ತವೆಂದರೆ ಬೇವಿನ ಕಹಿ. ಹಿಂದಿ ಮೊದಲಾದ ಭಾಷೆಗಳಲ್ಲಿ ಕಟುಶಬ್ದದಿಂದ ಹುಟ್ಟಿದ ಮಾತು ಕಹಿಯನ್ನು ಸೂಚಿಸುವುದಾಯಿತು. ತಿಕ್ತದಿಂದ ಹುಟ್ಟಿದ ಮಾತು ಖಾರಕ್ಕೆ ಹೋಯಿತು. ಕನ್ನಡದಲ್ಲಿ ಕಹಿ, ಖಾರ ಎಂಬ ಎರಡು ಮಾತುಗಳೂ ಸ್ಪಷ್ಟವಾಗಿ ಬೇರೆಯಾಗಿರುವುದರಿಂದ ಆ ಗೊಂದಲಕ್ಕೆ ಅವಕಾಶವಿಲ್ಲ. ಈಗಿನ ಶಾಸ್ತ್ರವಾದರೋ ಖಾರವನ್ನು ರಸಗಳ ಪಂಕ್ತಿಯಿಂದಲೇ ಎಬ್ಬಿಸಿಬಿಟ್ಟಿದೆ. ಮೆಣಸಿನಕಾಯಿಯ ಉರಿಯು ಬಿಸಿಯನ್ನೂ ನೋವನ್ನೂ ತಿಳಿಸುವ ನರಗಳ ಕಾರ್ಯ. ಆದುದರಿಂದಲೇ ಅದು ಕಣ್ಣಿಗೆ ತಗುಲಿದರೂ ಉರಿಯುವುದು. ಕಹಿಯು ಹಾಗಲ್ಲ. ಬೇವಿನ ಎಲೆಯನ್ನು ಅಂಗೈಯಲ್ಲಿ ಎಷ್ಟು ಉಜ್ಜಿದರೂ ಅಂಗೈಗೆ ಕಹಿ ತಿಳಿಯದು.

ಹಾಗಾದರೆ ಕಹಿಯು ಬೇವಿನಲ್ಲಿದೆಯೋ ನಾಲಗೆಯಲ್ಲಿದೆಯೋ? ತರ್ಕಶಾಸ್ತ್ರದ ಬಾಲಕರು ಮೊದಲು ಓದುವ ಅನ್ನಂಭಟ್ಟನ ತರ್ಕಸಂಗ್ರಹದಲ್ಲಿ ರಸವನ್ನು ರಸನೇಂದ್ರಿಯದಿಂದ ಗ್ರಹಿಸಲ್ಪಡುವ ಗುಣವೆಂದು ನಿರೂಪಿಸಿದೆ. ಅದು ಪೃಥಿವಿಯಲ್ಲಿಯೂ ಜಲದಲ್ಲಿಯೂ ಇರುವುದು. ಪೃಥಿವಿಯಲ್ಲಿ ಆರು ರಸಗಳೂ ಉಂಟು, ಜಲದಲ್ಲಿ ಮಧುರವೊಂದೇ. ಎಂದರೆ ನೈಯಾಯಿಕರ ಮತದಲ್ಲಿ ಕಹಿಯು ದ್ರವ್ಯದಲ್ಲಿದೆ; ನಾಲಗೆಯು ಅದನ್ನು ಕಂಡುಹಿಡಿಯುವ ಸಾಧನ ಮಾತ್ರ. ಈ ಮತಕ್ಕೆ ಆಧುನಿಕರು ಕೊಟ್ಟ ಉತ್ತರವು ಮುಂದೆ ಬರುವುದು. ಜಲದ ವಿಷಯವಾಗಿ ಹೇಳಿದ ಮಾತನ್ನೂ ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು.

ಕಹಿಯ ಚರಿತ್ರೆಯಲ್ಲಿ ಮುಂದಿನ ಘಟ್ಟ ಕ್ವಿನೈನಿನದು. ದಕ್ಷಿಣ ಅಮೆರಿಕದ ಸಿಂಕೋನಾ ಮರದ ತೊಗಟೆಯು ಚಳಿಜ್ವರಕ್ಕೆ ಔಷಧವೆಂದು ೧೭ನೆಯ ಶತಮಾನದಲ್ಲಿ ಯೂರೋಪಿಗೆ ಬಂದಿತು. ೧೮೨೦ರಲ್ಲಿ ಪೆಲ್ಲೆತಿಯೇ, ಕಾವಂತು ಎಂಬ ಫ್ರೆಂಚ್ ರಸಾಯನಜ್ಞರಿಬ್ಬರು ಅದರಿಂದ ಕ್ವಿನೈನನ್ನು ಬೇರ್ಪಡಿಸಿದರು. ೧೮೬೦ರಲ್ಲಿ ಕ್ಲೆಮೆಂಟ್ಸ್ ಮಾರ್ಕಮನ ಪ್ರಯತ್ನದಿಂದ ಸಿಂಕೋನಾ ಸಸಿಗಳು ಭಾರತಕ್ಕೆ ಬಂದವು. ನೀಲಗಿರಿಯಲ್ಲಿ ಮ್ಯಾಕೈವರನ ಮೇಲ್ವಿಚಾರಣೆಯಲ್ಲಿ ತೋಟಗಳೆದ್ದವು. ಮೈಸೂರು ಸೀಮೆಗೆ ಹೊಂದಿದ ಬೆಟ್ಟಗಳಲ್ಲಿಯೇ ಈ ಕಹಿ ತೊಗಟೆ ಬೆಳೆಯತೊಡಗಿತು. ಕ್ವಿನೈನು ಜ್ವರದ ಕ್ರಿಮಿಗೆ ಮೃತ್ಯು. ಅದೇ ಕ್ವಿನೈನು ಪ್ರಮಾಣ ಮೀರಿದರೆ ಮನುಷ್ಯನ ಕಿವಿ ಮೊರೆಯುವುದು, ದೃಷ್ಟಿ ಮಂಕಾಗುವುದು, ಹೃದಯದ ಗತಿ ಕೆಡುವುದು. ನಾಲಗೆಯ ತಿರಸ್ಕಾರವೂ ವೈದ್ಯನ ಆದರವೂ ಎರಡೂ ನ್ಯಾಯವೇ ಆಗಿದ್ದವು.

ನಾಲಗೆಯ ಅಂತರಂಗವನ್ನು ಸೂಕ್ಷ್ಮದರ್ಶಕದಿಂದ ನೋಡುವ ಕಾರ್ಯವೂ ಅದೇ ಶತಮಾನದಲ್ಲಿ ನಡೆಯಿತು. ೧೮೬೭ರಲ್ಲಿ ಸ್ವೀಡನ್ನಿನ ಲೋವೆನ್, ಜರ್ಮನಿಯ ಶ್ವಾಲ್ಬೆ ಎಂಬವರು ಒಬ್ಬರನ್ನೊಬ್ಬರು ಅವಲಂಬಿಸದೆ ರುಚಿಮೊಗ್ಗುಗಳನ್ನು ವರ್ಣಿಸಿದರು. ಇವು ನಾಲಗೆಯ ಮೇಲಣ ಗುಳ್ಳೆಗಳಲ್ಲಿ ಹುದುಗಿರುವ, ಹೂವಿನ ಮೊಗ್ಗಿನಂತಿರುವ ಜೀವಕೋಶಗಳ ಗೊಂಚಲುಗಳು. ೧೯೦೧ರಲ್ಲಿ ಹೇನಿಗ್ ಎಂಬ ಜರ್ಮನ್ ಪಂಡಿತನು ನಾಲಗೆಯ ಬೇರೆ ಬೇರೆ ಭಾಗಗಳಲ್ಲಿ ರುಚಿಯ ಸೂಕ್ಷ್ಮತೆ ಸ್ವಲ್ಪ ಸ್ವಲ್ಪ ಬೇರೆಯಾಗಿರುವುದೆಂದು ಬರೆದನು. ಆ ‘ಸ್ವಲ್ಪ’ವು ಮುಂದಿನವರ ಕೈಯಲ್ಲಿ ದೊಡ್ಡದಾಗಿ ಬೆಳೆದು, ತುದಿಯಲ್ಲಿ ಸಿಹಿ, ಬುಡದಲ್ಲಿ ಕಹಿ, ಪಕ್ಕಗಳಲ್ಲಿ ಹುಳಿ ಎಂದು ಗೆರೆ ಕೊರೆದ ನಾಲಗೆಯ ನಕ್ಷೆಯಾಗಿ ಪಾಠಪುಸ್ತಕಗಳನ್ನು ಸೇರಿತು. ಅನೇಕ ತಲೆಮಾರುಗಳ ವಿದ್ಯಾರ್ಥಿಗಳು ಅದನ್ನು ಬಾಯಿಪಾಠ ಮಾಡಿದರು. ೧೯೭೪ರಲ್ಲಿ ಕಾಲಿಂಗ್ಸ್ ಎಂಬ ವಿದುಷಿಯು ಪುನಃ ಪರೀಕ್ಷಿಸಿ, ಆ ಭೇದಗಳು ಅತ್ಯಲ್ಪವೆಂದು ತೋರಿಸಿದಳು. ಮೊಗ್ಗುಗಳಿರುವೆಡೆಯಲ್ಲೆಲ್ಲ ಎಲ್ಲ ರುಚಿಗಳೂ ತಿಳಿಯುವುವು. ಬೇವಿನ ಚಿಗುರನ್ನು ನಾಲಗೆಯ ತುದಿಗೆ ಮುಟ್ಟಿಸಿ ನೋಡಿದ ಯಾವ ಹುಡುಗನಾದರೂ ಆ ನಕ್ಷೆಯನ್ನು ಸಂದೇಹಿಸಬಹುದಾಗಿತ್ತು.

೧೯೩೧ರಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪೆನಿಯ ಪ್ರಯೋಗಶಾಲೆಯಲ್ಲಿ ಆರ್ಥರ್ ಫಾಕ್ಸ್ ಎಂಬ ರಸಾಯನಜ್ಞನು ಫೀನೈಲ್ ಥಯೋಕಾರ್ಬಮೈಡ್ ಎಂಬ ಪುಡಿಯನ್ನು ಸೀಸೆಗೆ ತುಂಬುತ್ತಿರಲು ಅದರ ಧೂಳು ಗಾಳಿಗೆ ಹಾರಿತು. ಪಕ್ಕದಲ್ಲಿದ್ದ ಸಹೋದ್ಯೋಗಿಯು ಬಾಯೆಲ್ಲ ಕಹಿಯಾಯಿತೆಂದನು. ಹತ್ತಿರವೇ ನಿಂತಿದ್ದ ಫಾಕ್ಸನಿಗೆ ಏನೂ ತಿಳಿಯಲಿಲ್ಲ. ಇಬ್ಬರೂ ಪುಡಿಯನ್ನು ನಾಲಗೆಗೆ ಹಚ್ಚಿಕೊಂಡು ನೋಡಿದಾಗಲೂ ಫಲ ಅದೇ. ಒಂದೇ ದ್ರವ್ಯ ಒಬ್ಬನಿಗೆ ಕಹಿ, ಇನ್ನೊಬ್ಬನಿಗೆ ರುಚಿಹೀನ! ಅನಂತರದ ಪರೀಕ್ಷೆಗಳಿಂದ, ಈ ಕಹಿಯನ್ನರಿಯದಿರುವುದು ತಂದೆತಾಯಿಗಳಿಂದ ಮಕ್ಕಳಿಗೆ ಬರುವ ಲಕ್ಷಣವೆಂದು ತಿಳಿಯಿತು. ಭಾರತದಲ್ಲಿಯೂ ಮಾನವಶಾಸ್ತ್ರಜ್ಞರು ಈ ಕಹಿಯನ್ನು ಹಿಡಿದುಕೊಂಡು ಬೇರೆ ಬೇರೆ ಜನಸಮುದಾಯಗಳ ಸಂಬಂಧಗಳನ್ನು ಅರಸಿದರು.

೧೯೩೯ರಲ್ಲಿ ಫಿಷರ್, ಫೋರ್ಡ್, ಹಕ್ಸ್‌ಲೀ ಎಂಬ ಮೂವರು ಇಂಗ್ಲಿಷ್ ವಿದ್ವಾಂಸರು ಎಡಿನ್‌ಬರೋ ಮೊದಲಾದ ಮೃಗಶಾಲೆಗಳ ಚಿಂಪಾಂಜಿಗಳಿಗೆ ಇದೇ ದ್ರವ್ಯವನ್ನು ಕುಡಿಸಿ ನೋಡಿದರು. ಕೆಲವು ಉಗುಳಿದವು, ಕೆಲವು ಸುಮ್ಮನೆ ಕುಡಿದವು. ಮನುಷ್ಯನೂ ಚಿಂಪಾಂಜಿಯೂ ಬೇರೆಯಾಗುವುದಕ್ಕೆ ಮುಂಚಿನಿಂದಲೇ ಈ ಭೇದವು ಬಂದಿರಬೇಕೆಂದು ಅವರು ಊಹಿಸಿದರು. ೨೦೦೩ರಲ್ಲಿ ಈ ಕಹಿಗೆ ಸಂಬಂಧಿಸಿದ ಜೀನು ಮನುಷ್ಯನ ಏಳನೆಯ ವರ್ಣತಂತುವಿನಲ್ಲಿ ದೊರಕಿತು. ಆ ಜೀನಿನಲ್ಲಿ ಮೂರು ಸ್ಥಳಗಳ ವ್ಯತ್ಯಾಸವೇ ಕಹಿಯನ್ನರಿಯುವವರನ್ನೂ ಅರಿಯದವರನ್ನೂ ಬೇರ್ಪಡಿಸುತ್ತಿತ್ತು. ೨೦೦೬ರಲ್ಲಿ ಚಿಂಪಾಂಜಿಯ ಜೀನನ್ನು ಓದಿದಾಗ ಅಲ್ಲಿಯ ದೋಷವು ಬೇರೆ ಕಡೆಯಲ್ಲಿದ್ದಿತು. ಎರಡು ಕುಲಗಳಲ್ಲಿ ಒಂದೇ ಕುರುಡು ಎರಡು ಬಾರಿ ಪ್ರತ್ಯೇಕವಾಗಿ ಹುಟ್ಟಿತ್ತು. ಯುಕ್ತಿಯುಕ್ತವಾದ ಊಹೆಯೂ ಪ್ರಮಾಣದ ಮುಂದೆ ತಲೆಬಾಗಬೇಕಾಗುವುದೆಂಬುದಕ್ಕೆ ಇದೊಂದು ನಿದರ್ಶನ.

ರುಚಿಯು ಜೀನುಗಳ ಅಧೀನವೆಂಬುದು ನಿಶ್ಚಯವಾದ ಮೇಲೆ, ಅದನ್ನು ಸಣ್ಣ ಪ್ರಾಣಿಯೊಂದರಲ್ಲಿ ಕ್ರಮವಾಗಿ ಶೋಧಿಸುವ ಮಾರ್ಗ ತೆರೆಯಿತು. ಈ ಮಾರ್ಗದಲ್ಲಿ ನಡೆದವರಲ್ಲಿ ಬೆಂಗಳೂರಿನೊಡನೆ ಸಂಬಂಧವುಳ್ಳ ಇಬ್ಬರನ್ನು ಸ್ಮರಿಸಬೇಕು. ಹೋಮಿ ಭಾಭಾ ಅವರ ಆಹ್ವಾನದಂತೆ ೧೯೬೨ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯನ್ನು ಸೇರಿದ ಒಬೇದ್ ಸಿದ್ದೀಖಿಯವರು ಹಣ್ಣಿನ ನೊಣದ ರುಚಿ ವಾಸನೆಗಳ ಶೋಧನೆಗೆ ತೊಡಗಿದರು. ಅವರ ಶಿಷ್ಯೆ ವೆರೋನಿಕಾ ರೊಡ್ರಿಗ್ಸ್ ಅವರು ೧೯೭೦ರ ದಶಕದ ಕೊನೆಯಲ್ಲಿ ಜೊತೆಗೂಡಿದರು. ಬಾಳೆಹಣ್ಣು ಕೊಳೆತಲ್ಲಿ ಮುತ್ತುವ ಈ ನೊಣವೂ ಕ್ವಿನೈನು ಸೇರಿದ ಆಹಾರವನ್ನು ಮುಟ್ಟದು. ರುಚಿಯ ಜ್ಞಾನದಲ್ಲಿ ದೋಷವಿರುವ ನೊಣಗಳನ್ನು ಸಹಸ್ರಾರು ನೊಣಗಳ ನಡುವಿನಿಂದ ಆರಿಸಿ, ಆ ದೋಷವು ಯಾವ ಜೀನಿನದೆಂದು ಅವರು ಹುಡುಕಿದರು. ೧೯೮೭ರಲ್ಲಿ ಅವರೂ ಸಂಗಡಿಗರೂ ಪ್ರಕಟಿಸಿದ ಲೇಖನದಲ್ಲಿ ವಿಚಿತ್ರವಾದ ನೊಣವೊಂದರ ವರ್ಣನೆಯಿದೆ: ಜೀನೊಂದರ ಬದಲಾವಣೆಯಿಂದ ಅದರ ಸಕ್ಕರೆಯ ನರವು ಉಪ್ಪಿಗೂ ಎಚ್ಚರಗೊಳ್ಳುತ್ತಿತ್ತು. ೧೯೯೦ರ ದಶಕದಲ್ಲಿ ಬೆಂಗಳೂರಿನಲ್ಲಿ ನೆಲೆಗೊಂಡ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವು ಸಿದ್ದೀಖಿಯವರು ಕಟ್ಟಿದ ಸಂಸ್ಥೆ. ರೊಡ್ರಿಗ್ಸ್ ಅವರು ೨೦೧೦ರಲ್ಲಿಯೂ ಸಿದ್ದೀಖಿಯವರು ೨೦೧೩ರಲ್ಲಿಯೂ ಕಾಲವಾದರು.

ನೊಣದ ನಾಲಗೆ ಬೇರೆ, ಸಸ್ತನಿಗಳ ನಾಲಗೆ ಬೇರೆ. ಎರಡರ ಕಹಿಗ್ರಾಹಕಗಳೂ ಬೇರೆ ಬೇರೆ ವಂಶದವು. ಪ್ರಕೃತಿಯು ಒಂದೇ ಕಾವಲನ್ನು ಎರಡು ಬಾರಿ ಕಟ್ಟಿತೆನ್ನಬಹುದು. ಸಸ್ತನಿಗಳ ವಿಷಯದಲ್ಲಿ ಮೊದಲ ಸುಳಿವು ೧೯೯೨ರಲ್ಲಿ ಸಿಕ್ಕಿತು. ಮಾರ್ಗೋಲ್ಸ್ಕೀ ಮತ್ತು ಸಂಗಡಿಗರು ರುಚಿಕೋಶಗಳಲ್ಲಿ ಗಸ್ಟ್‌ಡ್ಯೂಸಿನ್ ಎಂಬ ಪ್ರೋಟೀನನ್ನು ಕಂಡರು. ಅದು ಕಣ್ಣಿನೊಳಗೆ ಬೆಳಕಿನ ಸುದ್ದಿಯನ್ನು ಮುಟ್ಟಿಸುವ ಪ್ರೋಟೀನಿನ ಒಡಹುಟ್ಟಿನಂತಿದ್ದಿತು. ದೂತನು ದೊರೆತ ಮೇಲೆ ಅವನನ್ನು ಕಳುಹಿಸುವ ದ್ವಾರಪಾಲಕನು ಯಾರೆಂಬ ಪ್ರಶ್ನೆ ಉಳಿಯಿತು. ೨೦೦೦ದಲ್ಲಿ ಅಮೆರಿಕದ ಜುಕರ್, ರಿಬಾ ಇವರ ಪ್ರಯೋಗಶಾಲೆಗಳಿಂದಲೂ, ಪ್ರತ್ಯೇಕವಾಗಿ ಬಕ್ ಅವರ ಪ್ರಯೋಗಶಾಲೆಯಿಂದಲೂ ‘ಟಿ೨ಆರ್’ ಎಂಬ ಗ್ರಾಹಕಗಳ ಕುಟುಂಬವು ಬೆಳಕಿಗೆ ಬಂದಿತು. ಇವು ಕಹಿಗೇ ಮೀಸಲಾದುವೆಂದು ಪ್ರಯೋಗದಿಂದ ಸ್ಥಾಪಿಸಿದ ಲೇಖನದ ಮೊದಲ ಕರ್ತೃ ಜಯರಾಮ್ ಚಂದ್ರಶೇಖರ್.

ಈ ಗ್ರಾಹಕಗಳ ಕಾರ್ಯಕ್ರಮ ಹೀಗಿದೆ. ಬೇವಿನ ಎಲೆಯನ್ನು ಅಗಿದೊಡನೆ ಅದರ ಕಹಿ ಅಣುಗಳು ಜೊಲ್ಲಿನಲ್ಲಿ ಕರಗಿ, ರುಚಿಮೊಗ್ಗಿನ ತುದಿಯ ರಂಧ್ರವನ್ನು ಹೊಗುತ್ತವೆ. ಅಲ್ಲಿ ಕಹಿಕೋಶಗಳ ಹೊರಪೊರೆಯನ್ನು ಏಳು ಬಾರಿ ಹಾದು ನಿಂತಿರುವ ಗ್ರಾಹಕ ಪ್ರೋಟೀನುಗಳುಂಟು. ಬೀಗಕ್ಕೆ ಬೀಗದಕೈ ಹೊಂದುವಂತೆ ಅಣುವು ಹೊಂದಿದರೆ ಗ್ರಾಹಕದ ಆಕಾರವು ಕದಲುವುದು. ಒಳಗಡೆ ಅದಕ್ಕೆ ಅಂಟಿಕೊಂಡಿದ್ದ ಗಸ್ಟ್‌ಡ್ಯೂಸಿನ್ ಎರಡಾಗಿ ಒಡೆಯುವುದು. ಅದರ ಒಂದು ಭಾಗವು ಕಿಣ್ವವೊಂದನ್ನು ಎಬ್ಬಿಸುವುದು. ಕಿಣ್ವವು ಪೊರೆಯ ಕೊಬ್ಬಿನಿಂದ ಸಣ್ಣದೊಂದು ಅಣುವನ್ನು ಕತ್ತರಿಸಿ ಬಿಡುವುದು. ಆ ಅಣುವು ಕೋಶದ ಉಗ್ರಾಣದಲ್ಲಿ ಕೂಡಿಟ್ಟಿದ್ದ ಕ್ಯಾಲ್ಸಿಯಮ್ಮನ್ನು ಹೊರಬಿಡಿಸುವುದು. ಕ್ಯಾಲ್ಸಿಯಮ್ ಹೆಚ್ಚಿದೊಡನೆ ಪೊರೆಯ ದ್ವಾರವೊಂದು ತೆರೆದು ಸೋಡಿಯಮ್ ಒಳನುಗ್ಗಿ, ಕೋಶದಲ್ಲಿ ವಿದ್ಯುತ್ತಿನ ಅಲೆಯೇಳುವುದು. ಆಗ ಕೋಶವು ಏಟೀಪಿ ಎಂಬ ದ್ರವ್ಯವನ್ನು ನರದ ಕಡೆಗೆ ಚೆಲ್ಲುವುದು. ನರವು ಸುದ್ದಿಯನ್ನು ಮಿದುಳಿನ ಬುಡಕ್ಕೂ, ಅಲ್ಲಿಂದ ಮೇಲಕ್ಕೂ ಒಯ್ಯುವುದು. ಇಷ್ಟೆಲ್ಲ ನಡೆಯುವುದು ಮಗುವು ಮುಖ ಸಿಂಡರಿಸುವುದಕ್ಕೆ ಮುಂಚೆ.

ಮನುಷ್ಯನಲ್ಲಿ ಇಂಥ ಗ್ರಾಹಕಗಳು ಸುಮಾರು ೨೫ ಬಗೆ. ಇಲಿಯಲ್ಲಿ ಸುಮಾರು ೩೫. ಸಿಹಿಗೆ ಮುಖ್ಯವಾಗಿ ಒಂದೇ ಜೋಡಿ ಗ್ರಾಹಕ ಸಾಕಾಗಿರುವಾಗ ಕಹಿಗೆ ಇಷ್ಟೇಕೆ? ಗಿಡಮರಗಳು ತಮ್ಮನ್ನು ತಿನ್ನಬರುವ ಪ್ರಾಣಿಗಳಿಂದ ರಕ್ಷಿಸಿಕೊಳ್ಳಲು ಸಾವಿರಾರು ವಿಷಗಳನ್ನು ತಯಾರಿಸಿಕೊಂಡಿವೆ; ಅವುಗಳ ಆಕಾರಗಳೂ ನಾನಾ ವಿಧ. ಆದುದರಿಂದ ಒಂದೊಂದು ಗ್ರಾಹಕವೂ ಅನೇಕ ಅಣುಗಳನ್ನು ಹಿಡಿಯಬಲ್ಲುದು, ಒಂದೇ ಅಣುವು ಅನೇಕ ಗ್ರಾಹಕಗಳನ್ನು ಎಚ್ಚರಿಸಬಲ್ಲುದು. ಕ್ವಿನೈನೊಂದೇ ಎಂಟೊಂಬತ್ತು ಗ್ರಾಹಕಗಳನ್ನು ತಟ್ಟುವುದು. ಈ ಕಾವಲು ಎಷ್ಟು ಚುರುಕೆಂದರೆ, ಅಣುಗಳ ಎಣಿಕೆಯಲ್ಲಿ ಸಕ್ಕರೆಗಿಂತ ಸುಮಾರು ಸಾವಿರ ಪಾಲು ಕಡಮೆಯಾದ ಕ್ವಿನೈನನ್ನೂ ನಾಲಗೆ ಕಂಡುಹಿಡಿಯುವುದು. ಆದರೆ ಒಂದೊಂದು ಕಹಿಕೋಶದಲ್ಲಿಯೂ ಅನೇಕ ಬಗೆಯ ಗ್ರಾಹಕಗಳು ಒಟ್ಟಿಗಿರುವುದರಿಂದ, ಬಂದವನು ಯಾರೆಂಬುದನ್ನು ಅದು ವಿವರವಾಗಿ ಹೇಳಲಾರದು. ‘ಬೇಡ’ ಎಂಬ ಒಂದೇ ಕೂಗನ್ನು ಕೂಗುವುದು. ಬೇವು, ಹಾಗಲ, ಕ್ವಿನೈನು, ನೆಲಬೇವು ಎಲ್ಲವೂ ನಮಗೆ ಬರಿಯ ಕಹಿಯಾಗಿ ತೋರುವುದಕ್ಕೆ ಇದೇ ಕಾರಣ. ಆಹಾರವನ್ನು ಅಗಿಯದೆ ನುಂಗುವ ತಿಮಿಂಗಿಲ, ಡಾಲ್ಫಿನ್‌ಗಳು ಈ ಗ್ರಾಹಕಗಳನ್ನು ಬಹುಮಟ್ಟಿಗೆ ಕಳೆದುಕೊಂಡಿವೆ. ಬಳಸದ ಕಾವಲು ಉಳಿಯುವುದಿಲ್ಲ.

ಈಗ ನೈಯಾಯಿಕರ ಪ್ರಶ್ನೆಗೆ ಬರೋಣ. ೨೦೦೫ರಲ್ಲಿ ಜುಕರರ ಪ್ರಯೋಗಶಾಲೆಯವರು ಕಹಿಯ ಗ್ರಾಹಕವೊಂದನ್ನು ಇಲಿಯ ಸಿಹಿಕೋಶಗಳಲ್ಲಿ ಬೆಳೆಯುವಂತೆ ಮಾಡಿದರು. ಆ ಗ್ರಾಹಕವು ಹಿಡಿಯುವ ಕಹಿದ್ರವ್ಯವನ್ನು ಇಲಿಯು ಉಗುಳುವುದಕ್ಕೆ ಬದಲಾಗಿ ಆಸೆಯಿಂದ ನೆಕ್ಕಿತು. ದ್ರವ್ಯ ಅದೇ, ಗ್ರಾಹಕವೂ ಅದೇ. ಅದು ನೆಲೆಸಿದ ಕೋಶ ಮಾತ್ರ ಬೇರೆ. ಹೀಗಿರಲಾಗಿ ಕಹಿಯು ಬೇವಿನಲ್ಲಿಯೇ ಇದೆಯೆಂದು ಹೇಳುವಂತಿಲ್ಲ. ಬೇವಿನಲ್ಲಿರುವುದು ಆಕಾರವುಳ್ಳ ಅಣು. ಅದನ್ನು ಕಹಿಯೆಂದು ಕೂಗುವುದು ನಮ್ಮ ಕೋಶ, ನರ, ಮಿದುಳುಗಳ ಏರ್ಪಾಡು. ಎಣಿಸಲಾಗದಷ್ಟು ಪೀಳಿಗೆಗಳ ಕಾಲ, ಆ ಅಣುಗಳನ್ನು ಉಗುಳಿದವರು ಹೆಚ್ಚಾಗಿ ಬದುಕಿದರು, ಮಕ್ಕಳನ್ನು ಪಡೆದರು. ಆ ಏರ್ಪಾಡು ಹಾಗೆ ಉಳಿದು ಬಂದಿತು. ಶಿಶುವಿಗೆ ಪಾಠ ಹೇಳಿಕೊಟ್ಟವರು ಇವರೇ. ಕಹಿಯೆಂಬುದು ಪೂರ್ವಿಕರು ವಿಷವನ್ನು ಕಂಡ ನೆನಪು.

ಈ ನೆನಪಿಗೂ ರೇಷ್ಮೆಗೂ ಸಂಬಂಧವುಂಟೆಂದರೆ ಈ ಸೀಮೆಯವರಿಗೆ ಆಶ್ಚರ್ಯವಾಗಬಹುದು. ರಾಮನಗರದ ಗೂಡಿನ ಮಾರುಕಟ್ಟೆಗೆ ಬರುವ ಗೂಡುಗಳನ್ನು ಕಟ್ಟುವ ಹುಳುವು ಹಿಪ್ಪುನೇರಳೆಯ ಸೊಪ್ಪನ್ನಲ್ಲದೆ ಬೇರೆಯದನ್ನು ಮುಟ್ಟದೆಂಬುದು ಪ್ರತಿಯೊಬ್ಬ ರೈತನಿಗೂ ಗೊತ್ತು. ೨೦೧೯ರಲ್ಲಿ ಚೀನ ದೇಶದ ಶಾಸ್ತ್ರಜ್ಞರು ರೇಷ್ಮೆಹುಳುವಿನ ಕಹಿಗ್ರಾಹಕವೊಂದನ್ನು ಜೀನಿನ ಮಟ್ಟದಲ್ಲಿ ನಿಷ್ಕ್ರಿಯಗೊಳಿಸಿದರು. ಹುಳುಗಳು ಹಿಪ್ಪುನೇರಳೆಯ ನಿಷ್ಠೆಯನ್ನು ಬಿಟ್ಟು ಇತರ ಸೊಪ್ಪು, ಹಣ್ಣು, ಕಾಳುಗಳನ್ನೂ ತಿನ್ನತೊಡಗಿದವು. ಸಸ್ತನಿಗಳ ಗ್ರಾಹಕಕ್ಕೂ ಇದಕ್ಕೂ ವಂಶದ ಸಂಬಂಧವಿಲ್ಲದಿದ್ದರೂ ಕಾರ್ಯ ಒಂದೇ. ಹುಳುವಿನ ಪಥ್ಯವು ಪ್ರೀತಿಯಿಂದ ಮಾತ್ರ ಬಂದುದಲ್ಲ. ಬೇಡವೆನ್ನುವ ನಾಲಗೆಯಿಂದಲೂ ಬಂದುದು.

ಬೇಡವೆನ್ನುವ ನಾಲಗೆಯನ್ನು ಮನುಷ್ಯನು ಬುದ್ಧಿಪೂರ್ವಕವಾಗಿ ಮೀರುವನು. ಹಾಗಲಕಾಯಿಯ ಗೊಜ್ಜು, ಕಾಫಿ, ಕಷಾಯ ಎಲ್ಲವೂ ಹೀಗೆ ಮೀರಿ ಗೆದ್ದ ಕಹಿಗಳೇ. ಆದರೆ ಈ ಗೆಲವೇ ಅವಿವೇಕಕ್ಕೂ ದಾರಿಯಾಗುವುದುಂಟು. ಸೌತೆ, ಸೋರೆ, ಹೀರೆ, ಕುಂಬಳಗಳ ವಂಶದ ಕಾಯಿಗಳಲ್ಲಿ ಕುಕುರ್ಬಿಟಾಸಿನ್ ಎಂಬ ಕಹಿವಿಷವಿರಬಲ್ಲುದು. ಕಾಡುಕಾಯಿಗಳಲ್ಲಿ ಅದು ಸಹಜ. ರೈತರು ಕಹಿಯಿಲ್ಲದ ಕಾಯಿಯ ಬೀಜವನ್ನೇ ತಲೆತಲಾಂತರದಿಂದ ಆರಿಸಿ ಬಿತ್ತಿದುದರಿಂದ ಊರಕಾಯಿಗಳಲ್ಲಿ ಅದು ಅಡಗಿ ಹೋಯಿತು. ಒಮ್ಮೊಮ್ಮೆ ಅದು ಮರುಕಳಿಸುವುದು. ೨೦೧೦ರಲ್ಲಿ ದೆಹಲಿಯಲ್ಲಿ ವಿಜ್ಞಾನಿಯೊಬ್ಬರು ಆರೋಗ್ಯಕ್ಕೆಂದು ಕುಡಿದ ಸೋರೆಕಾಯಿಯ ರಸವು ಕಹಿಯಾಗಿದ್ದು, ಅವರ ಪ್ರಾಣವನ್ನೇ ತೆಗೆದುಕೊಂಡಿತು. ಭಾರತೀಯ ವೈದ್ಯಕೀಯ ಸಂಶೋಧನ ಮಂಡಲಿಯು ತಜ್ಞರ ಸಮಿತಿಯಿಂದ ಇಂಥ ಪ್ರಕರಣಗಳನ್ನು ವಿಚಾರ ಮಾಡಿಸಿತು. ರಸ ತೆಗೆಯುವ ಮುನ್ನ ಕಾಯಿಯ ಚೂರೊಂದನ್ನು ರುಚಿ ನೋಡಬೇಕು, ಕಹಿಯಾಗಿದ್ದರೆ ಕುಡಿಯದೆ ಎಸೆಯಬೇಕು, ಬೇರೆ ರಸಗಳನ್ನು ಬೆರೆಸಬಾರದು ಎಂಬುದು ಸಮಿತಿಯ ಉಪದೇಶ. ಸೌತೆಕಾಯಿಯ ಚೂರನ್ನು ಬಾಯಿಗೆ ಹಾಕಿಕೊಂಡು ನೋಡುವ ಅಜ್ಜಿಯ ಆಚಾರಕ್ಕೂ ಇದಕ್ಕೂ ಏನು ಭೇದ? ಕಹಿಯೆಲ್ಲ ಔಷಧವೆಂಬ ಅರ್ಧಜ್ಞಾನವು ಸಂಪೂರ್ಣವಾದ ಅಜ್ಞಾನಕ್ಕಿಂತ ಅಪಾಯಕರ. ಹಾಗಲಕ್ಕೆ ಕಹಿ ಸ್ವಧರ್ಮ. ಸೋರೆಗೆ ಅದು ಎಚ್ಚರಿಕೆ.

ಇನ್ನೊಂದು ಮಾತುಂಟು, ಅದು ಬೈರಮಂಗಲದವರಿಗೆ ಇದಕ್ಕಿಂತಲೂ ಹತ್ತಿರವಾದುದು. ಪೂರ್ವಿಕರ ನೆನಪಿನಲ್ಲಿ ಪೂರ್ವಿಕರು ಕಂಡ ಕಳ್ಳರ ಮುಖಗಳು ಮಾತ್ರ ಇರುವುವು. ಸಸ್ಯಗಳ ವಿಷವನ್ನು ಅರಿತ ನಾಲಗೆಯು ಲೋಹಗಳ ವಿಷವನ್ನು ಅರಿಯದು. ಸೀಸದ ಒಂದು ಲವಣವು ಸಿಹಿಯಾಗಿರುವುದರಿಂದ ಅದಕ್ಕೆ ‘ಸೀಸದ ಸಕ್ಕರೆ’ ಎಂದೇ ಹೆಸರಾಯಿತು. ಪ್ರಾಚೀನ ರೋಮಿನವರು ದ್ರಾಕ್ಷಿಯ ರಸವನ್ನು ಸೀಸದ ಪಾತ್ರೆಗಳಲ್ಲಿ ಕುದಿಸಿ, ಆ ಪಾನಕದಿಂದ ಆಹಾರಕ್ಕೆ ಸಿಹಿ ಕೂಡಿಸುತ್ತಿದ್ದರು. ನಾಲಗೆ ಮೆಚ್ಚಿಕೊಂಡಿತು, ದೇಹದಲ್ಲಿ ವಿಷ ಕೂಡಿಕೊಂಡಿತು. ಪಾಷಾಣವೆಂದು ಹೆಸರಾದ ಆರ್ಸೆನಿಕ್ಕಿಗೂ ರುಚಿಯಿಲ್ಲವೆನ್ನಬಹುದು.

ವೃಷಭಾವತಿಯು ಬೆಂಗಳೂರಿನ ಬಸವನಗುಡಿಯ ಬಳಿ ಹುಟ್ಟುವಳೆಂದು ಪ್ರತೀತಿ. ನಗರವು ಬೆಳೆದಂತೆ 그ರದ ಕೊಳಚೆಯೂ ಕಾರ್ಖಾನೆಗಳ ಕಲ್ಮಷವೂ ಆಕೆಯ ಪಾತ್ರವನ್ನು ಸೇರಿದವು. ಆ ನೀರು ಬೈರಮಂಗಲದ ಕೆರೆಯಲ್ಲಿ ನಿಂತು, ಮುಂದೆ ಅರ್ಕಾವತಿಯನ್ನೂ ಅಲ್ಲಿಂದ ಕಾವೇರಿಯನ್ನೂ ಸೇರುವುದು. ಕೆರೆಯ ನೀರನ್ನೂ, ಅದರಿಂದ ಬೆಳೆ ತೆಗೆದ ಮಣ್ಣನ್ನೂ ಪರೀಕ್ಷಿಸಿದ ಶಾಸ್ತ್ರಜ್ಞರು ಅವುಗಳಲ್ಲಿ ಭಾರಲೋಹಗಳನ್ನು ಕಂಡು ಬರೆದಿರುವರು. ಕೆರೆಯ ನೊರೆಯನ್ನು ಕಣ್ಣು ಕಾಣುವುದು, ದುರ್ಗಂಧವನ್ನು ಮೂಗು ಹೇಳುವುದು. ಆದರೆ ಅಂಥ ನೀರಿನಿಂದ ಬೆಳೆದ ಸೊಪ್ಪು ಬುಟ್ಟಿಯಲ್ಲಿ ಹಸುರಾಗಿಯೇ ಇರುವುದು, ಸಾರಿನಲ್ಲಿ ರುಚಿಯಾಗಿಯೇ ಇರುವುದು. ಜಲದ ರಸ ಮಧುರವೊಂದೇ ಎಂದ ತಾರ್ಕಿಕನು ಇಂಥ ನೀರನ್ನು ಕಂಡಿರಲಿಲ್ಲ. ಅವನ ನಾಲಗೆಯಂತೆಯೇ ನಮ್ಮ ನಾಲಗೆಯೂ ಇದನ್ನು ಕಂಡಿಲ್ಲ. ಇಲ್ಲಿ ಕಾವಲುಗಾರನು ನಿದ್ರಿಸುತ್ತಿಲ್ಲ. ಬಂದವನ ಗುರುತು ಅವನಿಗಿಲ್ಲ, ಅಷ್ಟೆ.

ಆದುದರಿಂದ ನಾಲಗೆಯು ಕೂಗಿದಾಗ ಅದನ್ನು ಕೇಳುವುದು ಹೇಗೆ ವಿವೇಕವೋ, ಅದು ಮೌನವಾಗಿರುವಾಗ ಬೇರೆ ಪ್ರಮಾಣಗಳನ್ನು ಹುಡುಕುವುದೂ ಹಾಗೆಯೇ ವಿವೇಕ. ಸೋರೆಕಾಯಿಗೆ ಅಜ್ಜಿಯ ನಾಲಗೆ ಸಾಕು. ಕೆರೆಯ ನೀರಿಗೂ ಅದರ ಬೆಳೆಗೂ ಪ್ರಯೋಗಶಾಲೆಯ ಪರೀಕ್ಷೆ ಬೇಕು, ಆ ಪರೀಕ್ಷೆಯ ಫಲವು ಊರಿನವರಿಗೆ ತಿಳಿಯಬೇಕು, ನೀರನ್ನು ಕೆಡಿಸುವವರು ಅದನ್ನು ಶುದ್ಧಿಮಾಡಿ ಬಿಡುವಂತಾಗಬೇಕು. ಸಹಸ್ರಾರು ಪೀಳಿಗೆಗಳು ಪ್ರಾಣ ತೆತ್ತು ಕಲಿತ ಪಾಠವನ್ನು ಶರೀರವು ಕಹಿಯ ರೂಪದಲ್ಲಿ ನಮಗೆ ಒಪ್ಪಿಸಿದೆ. ಹೊಸ ವಿಷಗಳನ್ನು ನಾಲಗೆಯು ಕಲಿಯುವವರೆಗೆ ಕಾದಿರಲು ನಮಗೆ ಅಷ್ಟು ಪೀಳಿಗೆಗಳಿಲ್ಲ. ಅವನ್ನು ಬುದ್ಧಿಯೇ ಕಲಿಯಬೇಕಾಗಿದೆ.